ಸರಾಸರಿ

ನಿದ್ದೆ ಬರ್ತದಾ, ಕೇಳಿದರು ಮಡಿಕೇರಿಯ ಡಾಕ್ಟರಮ್ಮ.
ಸರಾಸರಿ, ಅಂದೆ.
ಬರೆದುಕೊಂಡರು. ಅದು ನಮ್ಮ ಆಫೀಸಿನ ಮಾತೆಂದು
ಅವರಿಗೇನು ಗೊತ್ತು.

ನಾನು ಮೀಟರ್ ರೀಡರ್. ಮಾದಾಪುರದಾಚೆ ಒಂದು ಬರೆ,
ಹದಿನೇಳು ಮನೆ, ತಿಂಗಳಿಗೊಂದು ಬೆಳಗು.
ಮುಖಕ್ಕಿಂತ ಮೊದಲು ಅಂಕಿ ನೆನಪಾಗುವ ಕೆಲಸ:
ಚೋಂದಮ್ಮನದು ನಾಲ್ಕು ಸಾವಿರದ ಮುನ್ನೂರ ಹನ್ನೊಂದು,
ಕೈಯಾಲೆಯಲ್ಲಿ, ಕರಿಮೆಣಸಿನ ಚೀಲದ ಹಿಂದೆ.
ಉಮ್ಮರಾಕನ ಮೀಟರಿನೊಳಗೆ ಇರುವೆಗಳ ಸಂಸಾರ.
ಲೈನ್‌ಮನೆಯ ಮುರುಗಾಯಿಗೆ ಒಂದೇ ಬಲ್ಬು,
ಬಿಲ್ಲು ನೋಡಿ ನಗುತ್ತಿದ್ದಳು.

ಆಗಸ್ಟಿನಲ್ಲಿ ಬರೆ ಇಳಿದು ಬಂತು.
ನನಗೆ ಜ್ವರ. ಮನೆಯಲ್ಲಿದ್ದೆ, ಬೆಚ್ಚಗೆ.

ಸೆಪ್ಟೆಂಬರಿನಲ್ಲಿ ಕೈಮೆಷಿನ್ನು
ಹದಿನೇಳೂ ಹೆಸರನ್ನು ಮತ್ತೆ ತೋರಿಸಿತು.
ಮೀಟರ್ ಸುಟ್ಟಿದ್ದಕ್ಕೆ ಅದರಲ್ಲಿ ಒಂದು ಗುಂಡಿ ಇದೆ,
ನಿಂತಿದ್ದಕ್ಕೆ ಒಂದು, ಬಾಗಿಲು ಹಾಕಿದ್ದಕ್ಕೆ ಒಂದು.
ಬಾಗಿಲೇ ಇಲ್ಲದ್ದಕ್ಕೆ, ಮನೆಯೂ ಮನೆಯಡಿಯ ನೆಲವೂ
ಇಲ್ಲದ್ದಕ್ಕೆ
ಏನೂ ಇಲ್ಲ.
ಕೆಸರಿನ ಅಂಚಲ್ಲಿ ನಿಂತು ಒತ್ತುತ್ತಾ ಹೋದೆ:
ಡೋರ್ ಲಾಕ್. ಡೋರ್ ಲಾಕ್. ಡೋರ್ ಲಾಕ್.
ಬಾಗಿಲು ಹಾಕಿದ ಮನೆಗೆ ಹಿಂದಿನ ತಿಂಗಳುಗಳ
ಸರಾಸರಿ ಬಿಲ್ಲು ಬರಬೇಕು. ಬಂತು.
ಚೀಟಿ ಹರಿದು ಹರಿದು ಜೇಬಿಗೆ ತುಂಬಿಕೊಂಡೆ.
ನಲವತ್ತೆರಡು ಯೂನಿಟ್ ಉರಿಸಿದ್ದಳು ಚೋಂದಮ್ಮ,
ಮಣ್ಣಿನೊಳಗೆ.

ಡಾಕ್ಟರಮ್ಮನ ಕಾಗದದಲ್ಲೂ ಖಾನೆಗಳಿದ್ದವು,
ಯಾವತ್ತೂ ಇಲ್ಲ, ಕೆಲವೊಮ್ಮೆ, ಹೆಚ್ಚಿನ ದಿನ.
ಟ್ಯಾಂಕಿಗೆ ನೀರು ಬೀಳುವ ಸದ್ದಿಗೆ ಎದ್ದು
ಮಕ್ಕಳನ್ನು ಎಳೆದುಕೊಂಡು ರಸ್ತೆಗೆ ಓಡಿದ್ದು
ಒಂದೇ ಸಲ, ಅಂದೆ.
ಮೂರು, ಅಂದಳು ಹೆಂಡತಿ.

ಮರೆತುಬಿಡಿ ಅಂತ ಅವರು ಹೇಳಲಿಲ್ಲ. ಅದಕ್ಕೇ ಮತ್ತೆ ಹೋದೆ.
ಆ ದಾರಿ ನನಗೊಮ್ಮೆ ತೋರಿಸ್ತೀರಾ, ಅಂದರು,
ಇಲ್ಲೇ ಕೂತು, ಮೊದಲ ಮನೆಯಿಂದ.
ಹೇಳುತ್ತಾ ಹತ್ತಿದೆ. ಹನ್ನೊಂದನೆಯ ಮನೆಯ ಹೆಸರು ಸಿಗಲಿಲ್ಲ.
ಅಂಕಿ ಇತ್ತು. ಮೀಟರಿನ ಕೆಳಗೆ ನೀಲಿ ಬಕೆಟ್ಟಿತ್ತು,
ಅದಕ್ಕೆ ಹಗ್ಗದ ಹಿಡಿ.
ಹೆಸರಿಲ್ಲ.
ಅಲ್ಲಿ ಅಳು ಬಂತು, ಮೊದಲ ಸಲ.

ಬರೆಯ ಮೇಲೆ ಈಗ ಆಳೆತ್ತರ ಕಮ್ಯುನಿಸ್ಟ್ ಗಿಡ.
ಎಷ್ಟು ಹಸಿರು, ಅಂತ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ.
ನನಗೆ ಪುನರ್ವಸತಿ ಕಾಲೊನಿಯ ರೂಟು ಕೊಟ್ಟಿದ್ದಾರೆ,
ಎಲ್ಲ ಮನೆಯೂ ಒಂದೇ ಥರ,
ಎಲ್ಲ ಮೀಟರೂ ಬಾಗಿಲ ಎಡಕ್ಕೆ.

ಮುರುಗಾಯಿ ಅಲ್ಲಿದ್ದಾಳೆ. ಮಳೆ ಹಿಡಿದರೆ ಸಾಕು,
ಬಚ್ಚಲಿನದೂ ಸೇರಿ ಐದು ಬಲ್ಬು ಬೆಳಗಿನವರೆಗೆ.
ಜಾಸ್ತಿ ಬಂದಿದೆ ಈ ಸಲ, ಅಂದೆ.
ಬರಲಿ, ಅಂದಳು. ಚೀಟಿ ಮಡಚಿ ಸೆರಗಿಗೆ ಸಿಕ್ಕಿಸಿ
ನನ್ನನ್ನೇ ನೋಡಿದಳು:
ನಿಮ್ಮನೇದು ಎಷ್ಟು ಬರ್ತದೆ?