ಮಗ್ಗದ ಕುಣ್ಯಾಗ ಬಾಣಂತಿ

ಮಗ್ಗದ ಕುಣ್ಯಾಗ ಮರಿ ಹಾಕಿದಳು ಲಾಳಿ,
ಕಾಲಮಣಿಯ ಕೆಳಗ, ಹರಕ ನೂಲಿನ ರಾಶಿಯ ಮ್ಯಾಲ.
ಆರು. ಒಂದು ಬೆಳಗಾಗೂದ್ರಾಗ ತಣ್ಣಗಾಗಿತ್ತು.
ಓಣಿಯ ಈ ತುದಿಯಿಂದ ಆ ತುದಿಗೆ
ನಿಂತಲ್ಲಿ ನಿಲ್ಲದ ಓಡತಿದ್ದಳಂತ ಇಟ್ಟ ಹೆಸರು ಅದು.
ಈಗ ನೋಡಿದರ ಅಲ್ಲಾಡವಲ್ಲಳು.

ಏಳನೇ ದಿನ ಮರಿಗೋಳ ಕುಂಯ್ ಕುಂಯ್ ನಿಲ್ಲಲೇ ಇಲ್ಲ.
ಬ್ಯಾಟರಿ ಹಿಡದು ಬಗ್ಗಿ ನೋಡಿದೆ:
ಹಿಂದಿನ ಎಡಗಡೆ ಮಲಿ
ಬದನಿಕಾಯಿ ಹಂಗ ಬಿಗದು, ನೀಲಿಗಟ್ಟಿ, ಮಿರಿಮಿರಿ.
ಬಾಯಿ ಹಚ್ಚಿದ ಮರಿಯನ್ನ ಮೂತಿಲೆ ನೂಕತಾಳ,
ನೂಕಿ ಮತ್ತ ತಾನೇ ನೆಕ್ಕತಾಳ.
ಕೈ ಹಾಕಿದೆ. ಕಚ್ಚಿದಳು.
ಮಣಿಕಟ್ಟಿನ ಮ್ಯಾಲ ನಾಕು ಚುಕ್ಕಿ,
ಖಣದ ಅಂಚಿನ್ಯಾಗ ಇರತಾವಲ್ಲ, ಹಂಗ.
ತಪ್ಪು ನಂದು. ಆ ವ್ಯಾಳ್ಯಾದಾಗ ಯಾರರ ಮುಟ್ಟಿದ್ರ
ನಾನೂ ಕಚ್ಚತಿದ್ದೆ.

ಗುಳೇದಗುಡ್ಡದ ದನದ ದವಾಖಾನ್ಯಾಗ ದಪ್ಪ ರಿಜಿಸ್ಟರ್.
ಆಕಳ, ಎಮ್ಮಿ, ಕುರಿ, ಆಡು,
ಗೆರಿ ಹೊಡದ ಮನಿಗೋಳು.
ಕೆಚ್ಚಲ ಬಾವು ಅಂತ ಬರಿಯಾಕ ಹತ್ತಿದ ಡಾಕ್ಟರ್
ಪೆನ್ನು ಹಿಡದು ನಿಂತ:
ನಾಯಿಗೆ ಕೆಚ್ಚಲ ಅನ್ನಬೇಕೋ, ಮತ್ತೇನನ್ನಬೇಕೋ?
ಸಣ್ಣ ಹುಡುಗ, ಹೊಸದಾಗಿ ಬಂದಾನ.
ಎದಿ ಅನ್ರಿ, ಅಂದೆ.
ಕಿವಿ ಕೆಂಪಾದವು. 'ಇತರೆ'ದಾಗ ಬರಕೊಂಡ.
ಏಳು ದಿನದ ಗುಳಿಗಿ ಕೊಟ್ಟು, ನನ್ನ ಕೈ ನೋಡಿ,
ನೀವೂ ದೊಡ್ಡ ದವಾಖಾನಿಗೆ ಹೋಗಿ ಸೂಜಿ ಮಾಡಿಸ್ಕೊಳ್ರಿ ಅಂದ.

ಆಮ್ಯಾಲಿಂದ ನನ್ನ ಕೆಲಸ ಅಂದ್ರ ಇದು.
ಬಿಸಿನೀರು, ಚಿಟಿಕಿ ಉಪ್ಪು, ಬಣ್ಣ ಬಿಡದ ಹಳೇ ಖಣದ ತುಂಡು.
ಅದ್ದಿ, ಹಿಂಡಿ, ಮೊದಲ ನನ್ನ ಗಲ್ಲಕ್ಕ ಹಚ್ಚಿ ನೋಡಿ
ಆಕಿಗೆ ಇಡೂದು.
ಆರಿದರ ಮತ್ತ.
ಹೆಬ್ಬಟ್ಟಿಲೆ ಮೆತ್ತಗ ಒತ್ತಿದರ
ಬಂದದ್ದು ಹಾಲಲ್ಲ,
ಹಳದಿ, ಎಳಿ ಎಳಿ, ಗಂಟು ಬಿದ್ದ ರೇಶ್ಮಿ ಹಂಗ.
ಗಂಟು ಬಿಡಿಸೂದು ನನಗ ಗೊತ್ತಿದ್ದ ಕೆಲಸ.
ಜಗ್ಗಬಾರದು. ಕಾಯಬೇಕು.
ನೂಲಿನ ಕತ್ರಿಲೆ ಮರಿಗಳ ಉಗುರತುದಿ ತಗದೆ.
ಹಿಂದಿನ ಮನಿ ಹಜರತಬಿ ಆಡಿನ ಹಾಲು ಕೊಟ್ಟಳು,
ಹತ್ತಿಬತ್ತಿ ಅದ್ದಿ ಐದಕ್ಕೂ ಸರತಿಲೆ.
ರೊಟ್ಟ್ಯಾಗ ಮುಚ್ಚಿಟ್ರ
ರೊಟ್ಟಿ ತಿಂದು ಗುಳಿಗಿ ಉಗುಳತಾಳ ಖೋಡಿ;
ಬೆಣ್ಣ್ಯಾಗ ಕಟ್ಟಿದೆ, ನುಂಗಿದಳು.

ಐದನೇ ರಾತ್ರಿ ತಾನೇ ಒಡೀತು.
ಕುಣಿ ತುಂಬ ನಾತ. ರಾಚಪ್ಪ ಲುಂಗಿಲೆ ಮೂಗು ಮುಚ್ಚಿ
ಇನ್ನೊಂದು ಕೈಲೆ ಬ್ಯಾಟರಿ ಹಿಡದ.
ನಾ ತೊಳದು ಮುಗಸೂದ್ರಾಗ
ಲಾಳಿ ಬಾಯಿ ತಗದು ಗೊರಕಿ ಹೊಡಿಯಾಕತ್ತಿದ್ದಳು.

ಮಗ್ಗ ನಿಂತು ಹದಿನೈದು ದಿನ. ಕಾಲು ಎಲ್ಲಿ ಇಡೂದು?
ಬೆಳಗಾವಿ ಸಾವಕಾರನ ಫೋನು: ನನ್ನ ಎಂಬತ್ತು ಖಣ ಎಲ್ಲಿ?
ರಾಚಪ್ಪಗ ಸುಳ್ಳು ಬರೂದಿಲ್ಲ.
ಮನ್ಯಾಗ ಬಾಣಂತಿ ಅದಾಳ್ರಿ, ಅಂದ.
ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ.
ಆಮ್ಯಾಲ: ಅರೆ, ಮೊದಲ ಹೇಳಬಾರದ?
ಮೂರನೇ ದಿನ ಬಸ್ಸಿನ್ಯಾಗ ಬಂತು ಗಂಟು:
ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸಿ.

ನಾ ಹಡದಾಗ
ಹನ್ನೆರಡನೇ ದಿನಕ್ಕ ರಾಟಿಗೆ ಕುಂತಿದ್ದೆ.
ಎದಿ ಕಲ್ಲಾಗಿತ್ತು. ಕುಬಸದ ಗಂಟು ಬಿಚ್ಚಿಕೊಂಡು
ಮಂದಿ ಕುಬಸದ ಕಂಡಿಕಿ ಸುತ್ತಿದೆ.
ಜ್ವರ ಬಂದಾಗ ಅತ್ತಿ ಅಂದಳು: ಎಲ್ಲಾರಿಗೂ ಬರತೈತಿ.
ಆಕಿಗೂ ಬಂದಿರಬೇಕು.

ಉಂಡಿ ಕಟ್ಟಿದೆ. ಇಪ್ಪತ್ತೊಂದು ಆದವು.
ಲಾಳಿ ಮೂತಿಗೆ ಒಂದು ಹಿಡದೆ:
ಮೂಸಿದಳು, ಮಾರಿ ತಿರುವಿದಳು.
ಕುಣಿಯ ಅಂಚಿಗೆ ಕುಂತು, ಕಾಲು ಇಳಿಬಿಟ್ಟು
ನಾನ ತಿಂದೆ.
ಒಂದಲ್ಲ, ನಾಕು.
ರಾಚಪ್ಪ ನೋಡಿದ. ಏನೂ ಅನ್ನಲಿಲ್ಲ,
ಡಬ್ಬಿ ನನ್ನ ಕಡೆ ಸರಿಸಿದ.
ಕೆಳಗ ಐದು ಬಾಯಿ, ಒಂಬತ್ತು ಮಲಿ.
ಸಾಲತಾವ.