ತುದಿಯಿಂದ ಬಾಚು

ರುಸ್ತಾವಿಯ ನಮ್ಮ ಒಂಬತ್ತಂತಸ್ತಿನ ಕಟ್ಟಡದಲ್ಲಿ
ನಾಣ್ಯ ಹಾಕಿದರೆ ಮಾತ್ರ ಲಿಫ್ಟು ಏರುತ್ತದೆ.
ಏಳನೇ ಅಂತಸ್ತಿನ ಬೊಂದೊ ಹಾಕುತ್ತಿರಲಿಲ್ಲ,
ಎರಡು ಚೀಲ, ಒಂದು ಮಗು ಹೊತ್ತು ಮೆಟ್ಟಿಲೇರುತ್ತಿದ್ದ.
ಉಳಿದ ನಾಣ್ಯ ಹಾಲಿಗೆ ಎಂದು ಲೆಕ್ಕ ಹಾಕಿದವರು ನಾವು,
ಬಾಗಿಲ ಬಳಿಯ ಡಾಮಿನೋ ಮೇಜಿನ ನಾಲ್ವರು,
ಕಾರ್ಖಾನೆ ನಮ್ಮನ್ನು ಬಿಟ್ಟ ಮೇಲೆ
ಕೈಯ ಕೆಲಸವನ್ನೆಲ್ಲ ಬಾಯಿಗೆ ವಹಿಸಿದವರು.

ಅವನ ಹೆಂಡತಿ ತ್ಸಿಯುರಿ ಇಟಲಿಯ ಬಾರಿಯಲ್ಲಿ
ಯಾರದೋ ಅಜ್ಜಿಯ ಬೆನ್ನು ಉಜ್ಜುತ್ತಾಳೆ.
ತಿಂಗಳಿಗೊಮ್ಮೆ ಹಣ. ಯಾವಾಗಲೋ ವ್ಯಾನಿನಲ್ಲಿ ಮೂಟೆ:
ಸೋಪು, ಪಾಸ್ತಾ, ಒಂದು ಅಳತೆ ಚಿಕ್ಕದಾದ ಬೂಟು.
ಮಕ್ಕಳು ಅವಳ ಅಂದಾಜಿಗಿಂತ ಬೇಗ ಬೆಳೆಯುತ್ತಿದ್ದರು.

ಬಾಲ್ಕನಿಯಿಂದ ರಾಟೆಯ ಹಗ್ಗಕ್ಕೆ
ಅವನು ಬಟ್ಟೆ ಹಾಕುವಾಗ ನಾವು ತಲೆ ಎತ್ತುತ್ತಿದ್ದೆವು.
ಚಡ್ಡಿ ಒಂದು ಕಡೆ, ಕಾಲುಚೀಲ ಜೋಡಿ ಜೋಡಿ.
‘ನೋಡ್ರೋ, ಕಟ್ಟಡದ ಸೊಸೆ’ ಎಂದ ತಾಮಾಜ್.
ನಕ್ಕವರಲ್ಲಿ ನನ್ನದೇ ದೊಡ್ಡ ದನಿ.
ಅವನ ಹಲ್ಲಲ್ಲಿ ಒಂದು ಕ್ಲಿಪ್ಪಿತ್ತು,
ಅದಕ್ಕೇ ತಿರುಗಿ ಮಾತಾಡಲಿಲ್ಲ ಎಂದುಕೊಂಡೆವು.

ಹೆಂಗಸರೂ ಬಿಡಲಿಲ್ಲ.
‘ಅಮ್ಮನನ್ನು ಕಳಿಸಿ’ ಎಂದು ಟೀಚರು ಚೀಟಿ ಬರೆದರು, ಮೂರು ಸಲ.
ಲಾಮಾರಾ ಅಜ್ಜಿ ಅವನ ಸೂಪಿನ ಮುಚ್ಚಳ ತೆಗೆದು
ಕೇಳದೆಯೇ ಉಪ್ಪು ಹಾಕಿ ಹೋದಳು.

ಆಮೇಲೆ ಅದೊಂದು ಮದುವೆ. ಔತಣದ ಯಜಮಾನ
ತಾಯಂದಿರ ಹೆಸರಲ್ಲಿ ಬಟ್ಟಲೆತ್ತಿದ,
ಗಂಡಸರೆಲ್ಲ ಎದ್ದು ನಿಂತೆವು, ಕಣ್ಣು ತುಂಬಿಕೊಂಡೆವು.
ಬೊಂದೊನೂ ಎದ್ದ. ಒಂದು ಭುಜಕ್ಕೆ ಮಗಳು ನಿದ್ದೆಯಲ್ಲಿ,
ಇನ್ನೊಂದು ಕೈಯಲ್ಲಿ ಮಗನ ಎಂಜಲು ತಟ್ಟೆ.
ಬಟ್ಟಲೆತ್ತಲು ಅವನಿಗೆ ಕೈ ಇರಲಿಲ್ಲ.
ಅದನ್ನೂ ವಾರವಿಡೀ ಆಡಿಕೊಂಡೆವು.

ಈ ಮಾರ್ಚಿಯಲ್ಲಿ ನನ್ನ ಮಾಕ್ವಾಲಾ ಗ್ರೀಸಿಗೆ ಹೋದಳು.

ಫ್ರಿಜ್ಜಿನ ಮೇಲೆ ಅವಳ ಅಕ್ಷರದಲ್ಲಿ ಎಲ್ಲ ಇತ್ತು,
ಜ್ವರದ ಔಷಧ, ಗ್ಯಾಸಿನ ಬಿಲ್ಲು, ಬೀನ್ಸ್ ನೆನೆಹಾಕುವ ಹೊತ್ತು.
ಹೇನಿನ ಮಾತು ಇರಲಿಲ್ಲ.
ಮೂರನೇ ವಾರ ಶಾಲೆಯಿಂದ ಚೀಟಿ ಬಂತು.
ನಾನು ಕತ್ತರಿ ಹುಡುಕಿದೆ,
ಥೆಕ್ಲೆ ಮೇಜಿನಡಿ ಸೇರಿ
ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು.

ಅವಳನ್ನು ಹೊತ್ತು ಏಳನೇ ಅಂತಸ್ತಿಗೆ ನಡೆದೆ.
ಜೇಬಲ್ಲಿ ನಾಣ್ಯವಿತ್ತು. ಯಾಕೋ ಹಾಕಲಿಲ್ಲ.

ಬೊಂದೊ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದ.
ನನ್ನನ್ನು ನೋಡಿದ, ಆಮೇಲೆ ಅವಳ ತಲೆಯನ್ನು,
ಸ್ಟೂಲು ಎಳೆದು ದೀಪದಡಿ ಹಾಕಿದ.
‘ತುದಿಯಿಂದ ಬಾಚು. ಬುಡಕ್ಕೇ ಕೈ ಹಾಕಿದರೆ
ಸಿಕ್ಕು ಬಿಗಿಯುತ್ತದೆ, ಮಗು ನಿನ್ನನ್ನು ದ್ವೇಷಿಸುತ್ತದೆ.’
ಒತ್ತು ಹಲ್ಲಿನ ಹಣಿಗೆ ನನ್ನ ಕೈಗಿಟ್ಟ.
ಯಾರು ಕಲಿಸಿದರು ಎಂದೆ.
ಫೋನಿನಲ್ಲಿ ತ್ಸಿಯುರಿ, ತನ್ನ ಕೂದಲ ಮೇಲೇ ತೋರಿಸಿದಳಂತೆ.
ನಡುವೆ ಸಿಗ್ನಲ್ ಕಡಿದು
ಮಗಳು ಒಂದು ದಿನ ಅರ್ಧ ಜಡೆಯಲ್ಲೇ ಶಾಲೆಗೆ ಹೋದಳಂತೆ.

ಹೇನು ಕುಕ್ಕುತ್ತಲೇ ಇನ್ನೊಂದು ಹೇಳಿದ:
ಆ ಇಟಲಿಯ ಅಜ್ಜಿ ರಾತ್ರಿ ‘ಮಾಮ್ಮಾ, ಮಾಮ್ಮಾ’ ಎಂದು ಕನವರಿಸುತ್ತಾಳೆ.
ಅವರಲ್ಲಿ ಅದು ಅಮ್ಮ.
ನಮ್ಮ ಮಾತಿನಲ್ಲಿ ಮಾಮಾ ಎಂದರೆ ಅಪ್ಪ.
ತ್ಸಿಯುರಿ ಪ್ರತಿ ಸಲವೂ ಎದ್ದು ಕೂತು
ಇಲ್ಲಿ ಯಾರು ಅಳುತ್ತಿದ್ದಾರೋ ಎಂದು ಫೋನು ಮಾಡುತ್ತಾಳೆ.

ನನ್ನ ಬಾಯಲ್ಲಿ ಒಂದು ಕ್ಷಮೆಯಿತ್ತು. ಹೇಳಲಿಲ್ಲ.
ಅವನು ಕಾಯಲೂ ಇಲ್ಲ, ಹಿಟ್ಟು ಒಣಗುತ್ತಿತ್ತು.

ಇವತ್ತು ಬಿಸಿಲು ಚೆನ್ನಾಗಿದೆ. ಬಾಲ್ಕನಿಯಲ್ಲಿ ನಿಂತು
ಹಗ್ಗ ಎಳೆಯುತ್ತೇನೆ, ರಾಟೆ ಕಿರುಗುಡುತ್ತದೆ.
ಕೆಳಗೆ ಮೇಜಿನಲ್ಲಿ ಮೂವರು.
ಡಾಮಿನೋ ಸದ್ದು ನಿಂತಿದೆ, ತಾಮಾಜ್ ತಲೆ ಎತ್ತುತ್ತಿದ್ದಾನೆ.
ನನ್ನ ಹಲ್ಲಲ್ಲಿ ಕ್ಲಿಪ್ಪು.
ಹಳೇ ಮರದ ರುಚಿ ಅದಕ್ಕೆ,
ಸ್ವಲ್ಪ ಸೋಪಿನದೂ.