ಬೈನಾದಾಗ ಒಂದು ಕಿಟಕಿ

ವಾಸ್ಕೋದ ಬೈನಾದಾಗ ಹತ್ತು ಬೈ ಎಂಟರ ಅಂಗಡಿ ನಂದು.
ಝೆರಾಕ್ಸು, ಫೋಟೋ, ಪ್ಯಾನ್ ಕಾರ್ಡು, ಗದಗಿನ ಬಸ್ಸಿನ ಟಿಕೀಟು.
ಬಂದರದಾಗ ಹಡಗು ಕಲ್ಲಿದ್ದಲು ಇಳಿಸಿದ ದಿನ
ಬಾಗಿಲಾ ಹಾಕಿದ್ರೂ, ಕಿಟಕಿ ಸಂದಿಗೆ ಹಸಿ ಅರಿವಿ ತುರುಕಿದ್ರೂ
ಸಂಜಿಗೆ ಕೀಬೋರ್ಡಿನ ಮ್ಯಾಲೆ ಕರಿ ಹಿಟ್ಟು.
ಎಲ್ಲಿಂದ ಬರತೈತಿ ಅಂತ ಹನ್ನೊಂದು ವರ್ಷ ಹುಡುಕೀನಿ.
“ಬರೂದು ಬರತೈತಿ, ಒರಸೂದು ನಮ್ಮ ಕೆಲಸ” ಅಂತಾಳ
ಮಾಲಕಿ ಎಸ್ಪೆರಾನ್ಸಾ ಬಾಯಿ, ಬಾಡಗಿ ಎಣಿಸಿಕೋತ.

ಕಂಪ್ಯೂಟರಿನ್ಯಾಗೂ ಒಂದು ಕಿಟಕಿ ಇತ್ತು, ನೀಲಿದು.
ಕೊಂಡಾಗಿಂದ ಇದ್ದದ್ದು. ಬ್ಯಾರೆನೂ ಇರತಾವು ಅಂತ ಯಾರು ಹೇಳಬೇಕು?
ಓದಾಕ ಬರದವರೂ ಬೆರಳು ಮಾಡತಿದ್ರು:
“ತಂಗೀ, ಆ ನೀಲಿ ಬಿಲ್ಲೆ ಒತ್ತವಾ, ಪಗಾರ ಬಂತೇನು ನೋಡು.”
ದಿನಾ ಮುಂಜಾನೆ ಅದು ಒಂದು ಹಳದಿ ಪಟ್ಟಿ ತೋರಸತಿತ್ತು:
ನಾನು ಹಳೇದಾಗೇನಿ, ಹೊಸಾದು ಹಾಕು.
ಗಿರಾಕಿ ನಿಂತಿರತಿದ್ರು. “ಆಮ್ಯಾಲೆ” ಒತ್ತತಿದ್ದೆ.
ಆಮ್ಯಾಲೆ. ಆಮ್ಯಾಲೆ.
ಮೂರು ವರ್ಷದ ಆಮ್ಯಾಲೆ.

ಹುಸೇನಬಿ ಸ್ಲ್ಯಾಬಿಗೆ ಖಡಿ ಹೊರಾಕಿ.
ಹದಿನಾಲ್ಕು ಸಾವಿರದ ಆರುನೂರು, ಮಗಳ ನರ್ಸಿಂಗ್ ಫೀಸು.
ನಾನೇ ಬ್ಯಾಂಕಿನ ಪುಟ ತೆಗೆದೆ,
ಆಕಿ ಕಿವಿಯೊಳಗ ಹೇಳಿದ ಗುಟ್ಟು ನಾನೇ ಒತ್ತಿದೆ.
ಪುಟ ಬ್ಯಾಂಕಿಂದೇ. ಹೆಸರು ಸರಿ. ಕೀಲಿಯ ಚಿತ್ರಾನೂ ಸರಿ.
ನಡುವೆ ಯಾವುದೋ ತೂತಿನ್ಯಾಗ ಯಾವನೋ ಕುಂತಿದ್ದ.
ಮರುದಿನ ರೊಕ್ಕ ಇರಲಿಲ್ಲ.

ಆಕಿ ಬೈಲಿಲ್ಲ. ಬೈದಿದ್ರ ಚೊಲೋ ಇತ್ತು.
ಸ್ಟೂಲಿನ ಮ್ಯಾಲೆ ಕುಂತು ಪರದೆ ನೋಡಿದ್ಲು,
ಆಮೇಲೆ ಎದ್ದು, ಸೆರಗು ಹಿಡಕೊಂಡು, ಬಗ್ಗಿ
ಪರದೆಯ ಹಿಂದನೂ ನೋಡಿದ್ಲು.

ಠಾಣೆದಾಗ ಅರ್ಜಿ ಕೊಟ್ಟಿವಿ.
ಕೊಂಕಣಿ, ಹಿಂದಿ, ನಮ್ಮ ಕನ್ನಡ, ಮೂರೂ ಅಲ್ಲಿ ದಣದವು.

ಮೂರು ರಾತ್ರಿ ನಿದ್ದಿಗೆಟ್ಟು ಓದಿದೆ.
ನೀಲಿ ಕಿಟಕಿಗೆ ಎಷ್ಟು ತೂತು, ಯಾವಾಗಿಂದ,
ಯಾವ ತೂತಿಗೆ ಯಾವ ದಿನ ತೇಪಿ ಬಂದಿತ್ತು.
ತಾರೀಖು ಸೈತ ಇತ್ತು.
ಆ ದಿನ ನನಗ ನೆನಪೈತಿ, ಅಂಗಡಿ ತುಂಬ ಗದ್ದಲ.

ಬ್ಯಾರೆ ಒಂದು ಇಳಿಸಿದೆ. ವೀಳ್ಯದೆಲಿಯಂಥಾ ಹಸರು ಗುರುತಿಂದು.
ಫೋಟೋ ತೆಗಸಾಕ ಬಂದ ಗೌಂಡಿ ಹನಮಪ್ಪ ಕೇಳಿದ:
“ಇದರಾಗ ತೂತಿಲ್ಲೇನು?”
“ಇರತಾವು.”
“ಮತ್ತ?”
“ಇದು ತಾನೇ ಹೇಳತೈತಿ. ರಾತ್ರಿ ತಾನೇ ಗಿಲಾಯಿ ಮಾಡಕೋತೈತಿ.”
ಆತ ಮೀಸಿ ತೀಡಿ ವಿಚಾರ ಮಾಡಿದ.
“ಹಂಗಾದ್ರ ಅಡ್ಡಿಯಿಲ್ಲ. ನನ್ನ ಗ್ವಾಡಿಗೆ ಬಿರುಕೇ ಇಲ್ಲಂತ
ಆಣಿ ಮಾಡೂ ಮಾಲಕನ ಮನ್ಯಾಗ ನಾ ಎಂದೂ ಮಲಗಿಲ್ಲ.”

ಕಾರ್ಮಿಕರ ಕಾರ್ಡಿನ ಸರಕಾರಿ ಪುಟ ಮಾತ್ರ ಹಠ ಹಿಡದೈತಿ,
ಹಳೇ ನೀಲಿದೇ ಬೇಕಂತ ಅದಕ್ಕ.
ಹಂಗಂತ ಅದನ್ನ ಒಂದು ಮೂಲ್ಯಾಗ ಇಟ್ಟೀನಿ,
ಬಂದರದ ಕಡಿ ಕಿಟಕಿ ಹಂಗ.
ಸೋಮವಾರಕ್ಕೊಮ್ಮೆ ಉಸರು ಹಿಡದು ತೆರೀತೀನಿ,
ಕೆಲಸ ಮುಗದ ಕೂಡ್ಲೇ ಚಿಲಕಾ.

ನಾಕು ತಿಂಗಳ ಮ್ಯಾಲೆ ಹುಸೇನಬಿ ಬಂದ್ಲು.
ಎರಡು ಸಾವಿರ ಕೂಡಿಸಿದ್ಲು ಮತ್ತ.
ಎಲಿ ತೋರಿಸಿದೆ. ಪರದೆಗೇ ಬೆರಳು ಹಚ್ಚಿ “ಇದೇನು?” ಅಂದ್ಲು,
ಹಸರಿನ ಮ್ಯಾಲೆ ಕರಿ ಗುರುತು ಉಳೀತು.
ಈ ಸರತಿ ಗುಟ್ಟು ಹೇಳಲಿಲ್ಲ.
ಕೀಬೋರ್ಡು ತನ್ನ ಕಡಿ ಎಳಕೊಂಡು, ಒಂದೊಂದೇ ಅಂಕಿ ಹುಡುಕಿ,
“ಮಾರಿ ಆ ಕಡಿ ಮಾಡು” ಅಂದ್ಲು.
ಮಾಡಿದೆ.
ಬೀದಿಯೊಳಗ ಕಲ್ಲಿದ್ದಲ ಲಾರಿ ಹೊಂಟಿತ್ತು,
ತಾಡಪತ್ರಿ ಅರ್ಧ ಮುಚ್ಚಿಕೊಂಡು.